ರಟ್ಟಿಲ್ಲದ ಪುಸ್ತಕ

ಶಹಾಬಾದಿನ ಲೈಬ್ರರಿಯೊಳಗ
ಲಾಡ್ಲೆಸಾಬ ಕಪಾಟಿನ ಕೆಳಗಿನ ಸಾಲಿನಿಂದ
ದೂಳು ಜಾಡಿಸಿ ಕೊಟ್ಟ ಪುಸ್ತಕಕ್ಕ ರಟ್ಟಿಲ್ಲ,
ಬರೆದವರ ಹೆಸರಿಲ್ಲ, ಮೊದಲ ಎಂಟು ಪುಟ ಇಲ್ಲ.
'ಮಂದಿ ಮುಂದ ನಿಂತು ಮಾತಾಡೋದು ಹ್ಯಾಂಗಂತ
ಇದರಾಗ ಅದ, ಒಯ್ಯಿ' ಅಂದ.
'ಹದಿನೈದು ದಿನ. ತಡಾದ್ರ ದಂಡ.'

ಫರಸಿ ಪಾಲಿಶಿನ ಹೆಣ್ಣಾಳುಗಳ ಸಂಘಕ್ಕ
ನಾನು ಅಧ್ಯಕ್ಷೆ,
ಬ್ಯಾರೆ ಯಾರೂ ಕೈ ಎತ್ತಲಿಲ್ಲ ಅಂಬೋ ಕಾರಣಕ್ಕ.
ನನಗ ಬರೋದು ಮಷಿನ್ನಿನ ಗದ್ದಲ ಮೀರಿ ಕೂಗೋದು,
'ನೀರು ಬಿಡು' ಅಂತ, 'ಕೈ ತೆಗಿ' ಅಂತ.
ಅದು ಭಾಷಣ ಅಲ್ಲಂತ.

ರಾತ್ರಿ ಮಕ್ಕಳು ಮಲಗಿದ ಮ್ಯಾಲ
ಅಕ್ಷರ ಕೂಡಿಸಿ ಕೂಡಿಸಿ ಓದಿದೆ.
'ಮುಂದಾಳು ಎದೆಯುಬ್ಬಿಸಿ ನಡೆಯಬೇಕು' ಅಂತದ ಪುಸ್ತಕ.
ಅದರ ಬಾಜೂಕ ಪೆನ್ಸಿಲಿನ ಸಣ್ಣ ಬರಹ:
'ಖಣಿ ಇಳಿಯುವಾಗ ಬಗ್ಗಿಯೇ ಇಳೀಬೇಕು.'
ನಕ್ಕೆ. ಪುಟ ತಿರುವಿದೆ. ಅಲ್ಲೂ ಅಂವ ಇದ್ದ.
'ಎದುರಿನವರನ್ನ ಹೆಸರು ಹಿಡಿದು ಕರೆಯಿರಿ' ಅಂಬಲ್ಲಿ
ಒಂದು ಸರಿ ಗುರುತು.
'ಸಿಟ್ಟು ಬಂದಾಗ ಹತ್ತು ಎಣಿಸಿರಿ' ಅಂಬಲ್ಲಿ
'ಎಣಿಸಿದೆ. ಲಾರಿ ಹೋಗಿಬಿಟ್ಟಿತ್ತು.'

ಕೈಯ ಗುರುತು ಸಿಕ್ಕಿತು ನನಗ.
ಹಿಂಗ 'ಳ'ದ ಬಾಲ ಎಳೀತಿದ್ದಾಂವ ಒಬ್ಬನೇ,
ಫರಸಿ ಮ್ಯಾಲ ಖಡುವಿನಿಂದ ಅಳತಿ ಬರೀತಿದ್ದ ಸಾಯಬಣ್ಣ,
ಖಣಿ ಕೂಲಿಕಾರರ ಮುಖಂಡ.
ಚಂದಾ ರೊಕ್ಕ ತಿಂದಾನ ಅಂತ
ಚಾದ ಅಂಗಡಿಯಾಗ ಯಾರೋ ಅಂದರು,
ಸಂಜಿಗಿ ವಾಡಿ ಸ್ಟೇಷನ್ನಿನ ತನಕ ಮುಟ್ಟಿತ್ತು ಸುದ್ದಿ.
ಅಂವ ತುಟಿ ಬಿಚ್ಚಲಿಲ್ಲ. ಬೆಳಗಾದ್ರ ಮನಿಗೆ ಕೀಲಿ.
ಸೋಲಾಪುರಕ್ಕೋ, ಎಲ್ಲಿಗೋ.
ನಾನೂ ಅಂದಿದ್ದೆ ಆಗ, ಹೌದು, ತಿಂದಿರಬೇಕು ಅಂತ.
ಕೊಡ ತುಂಬೋ ತನಕ ಏನಾರ ಮಾತು ಬೇಕಲ್ಲ.

'ಹೆಸರು ಗಳಿಸುವುದು' ಅಂಬೋ ಪಾಠ ಬಂತು.
ಅಲ್ಲಿ ಅಚ್ಚಿನಕ್ಷರಕ್ಕಿಂತ ಪೆನ್ಸಿಲೇ ಹೆಚ್ಚು.
ಮಾಪಮ್ಮನ ಬಾಣಂತನಕ್ಕ ಎಂಟುನೂರು.
ಕಣ್ಣಿಗೆ ಚಕ್ಕಿ ಸಿಡಿದ ಹುಡುಗಗ,
ಕಲಬುರಗಿ ದವಾಖಾನಿ, ಎರಡು ಸಾವಿರದ ನೂರು.
ಮಣ್ಣಿಗೆ, ಹೆಸರು ಹೇಳಬ್ಯಾಡ ಅಂದಾರ, ಆರುನೂರು.
ಹಿಂಗ ಅಂಚಿನ ಸುತ್ತ, ತಲಿಕೆಳಗಾಗಿ ಸುತ್ತ.
ಬೆರಳು ಮಡಚಿ ಕೂಡಿಸಿದೆ, ಎರಡು ಸಲ.
ಊರು ಆಡಿದ ರೊಕ್ಕಕ್ಕ ಇನ್ನೂರಾ ನಲವತ್ತು ಕಡಿಮಿ ಬಿತ್ತು.
ಆ ಇನ್ನೂರಾ ನಲವತ್ತು ಎಲ್ಲಿಗೆ ಹೋತೋ ನನಗ ಗೊತ್ತಿಲ್ಲ.
ಪುಟದ ಬುಡಕ್ಕ, ಹಾಳಿ ಹರಿಯುವಷ್ಟು ಒತ್ತಿ
ಒಂದೇ ಮಾತು:
'ಹೇಳಬೇಕಾಗಿತ್ತು.'

ಸೋಮವಾರ ಸಭೆ.
'ಮೊದಲಿಗೆ ಒಂದು ನಗೆಮಾತು ಹೇಳಿರಿ' ಅಂತಿತ್ತು ಪುಸ್ತಕ,
ಬಾಯಿಪಾಠ ಮಾಡಿದ್ದೆ ಒಂದನ್ನ.
ಮಷಿನ್ ಬಂದ್ ಆತು.
ನಲವತ್ತು ಮುಖ, ಹುಬ್ಬಿನ ಮ್ಯಾಲೆಲ್ಲ ಬಿಳಿ ದೂಳು.
ಆ ಸಪ್ಪಳಿಲ್ಲದ ಹೊತ್ತಿನಾಗ ನಗೆಮಾತು ಮರ್ತೇ ಹೋತು.
ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದೆ.
ಬಂದದ್ದಿಷ್ಟು, ಹೋದದ್ದಿಷ್ಟು,
ಚಾಕ್ಕ ಅರವತ್ತು, ಅದರಾಗ ನಂದೊಂದು ಕಪ್ಪು.
ಹಿಂದಿನಿಂದ ಗುಂಡಮ್ಮ, 'ಜೋರಲೆ ಓದು ಯವ್ವಾ, ಕೇಳಸವಲ್ದು.'
ಕೂಗಿದೆ. ಕೂಗೋದು ನನಗ ಬರತದ.

ಹದಿನೇಳನೇ ದಿನ ಪುಸ್ತಕ ತಿರುಗಿ ಕೊಟ್ಟೆ.
ಲಾಡ್ಲೆಸಾಬ ಪುಟ ಹಾರಿಸಿ ಮುಖ ಸಿಂಡರಿಸಿದ:
'ಎರಡು ದಿನದ್ದು ಎರಡು ರೂಪಾಯಿ.
ಗೀಚಿದ್ದಕ್ಕ ಹತ್ತು. ರಬ್ಬರ್ ಕೊಡಲೇನು?'
'ಅಳಸಬ್ಯಾಡ' ಅಂದೆ.
ಹನ್ನೆರಡು ಎಣಿಸಿ ಟೇಬಲ್ಲಿನ ಮ್ಯಾಲ ಇಟ್ಟೆ.
'ಎರಡರ ರಸೀದಿ ನನ್ನ ಹೆಸರಲೆ ಹರಿ.
ಹತ್ತರದು ಸಾಯಬಣ್ಣನ ಹೆಸರಲೆ.'

ಪೆನ್ನು ಹಿಡಿದು ಜರಾ ಹೊತ್ತು ನನ್ನ ಮುಖ ನೋಡಿದ.
ಆಮ್ಯಾಲ ಕಾರ್ಬನ್ ಹಾಳಿ ಸರಿ ಮಾಡಿಕೊಂಡು
ಮೆಲ್ಲಕ ಕೇಳಿದ:
'ಅಡ್ಡಹೆಸರೇನು, ಅಂವಂದು?'